ದಡ್ಡರ ಕಂಬ

ವಿದ್ಯಾಪೀಠದ ಹಳೆಯ ಕಟ್ಟಡಗಳನ್ನು ಕಾಪಾಡುವ ಯೋಜನೆ ಬರೆಯುತ್ತಿದ್ದ ಶಿಷ್ಯೆಯೊಬ್ಬಳು ಗುರುಮಾತೆಯನ್ನು ಕೇಳಿದಳು: “ಅಮ್ಮಾ, ಹಿರಿಯರು ಕಟ್ಟಿದ್ದು ನಮ್ಮ ಕಾಲದಲ್ಲಿ ಹಾಳಾಗಬಾರದು. ಯಾರೂ ಮುಟ್ಟದ ಹಾಗೆ ಮುಚ್ಚಿಟ್ಟರೆ ಕ್ಷೇಮವಲ್ಲವೆ?”

ಗುರುಮಾತೆ ಒಂದು ಕತೆ ಹೇಳಿದರು.

ಒಂದು ವಿದ್ಯಾಪೀಠದಲ್ಲಿ ಒಬ್ಬ ಮೇಲ್ವಿಚಾರಕನಿದ್ದ. ಅಲ್ಲಿನ ಮೊದಲ ಪಾಠಶಾಲೆ ಎಂದರೆ ಅವನಿಗೆ ಜೀವ. ಅವನು ಅಕ್ಷರ ಕಲಿತದ್ದೇ ಅಲ್ಲಿ. ಒಳಗೆ ಐದು ಮರದ ಕಂಬ, ಹೊರಗೆ ಜಗಲಿಯಲ್ಲಿ ಒಂದು. ಪಾಠ ಒಪ್ಪಿಸಲಾರದವರನ್ನು ಹೊರಗಿನ ಕಂಬದ ಬುಡದಲ್ಲಿ ಕೂರಿಸುವುದು ಅಲ್ಲಿಯ ಪದ್ಧತಿ. ಅದಕ್ಕೆ ದಡ್ಡರ ಕಂಬ ಎಂದೇ ಹೆಸರು. ಮೇಲ್ವಿಚಾರಕನೂ ಒಂದು ಮಳೆಗಾಲವನ್ನು ಅದಕ್ಕೊರಗಿ ಕಳೆದವನೇ. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಒಮ್ಮೆ ಆಡಳಿತದ ಹಿರಿಯರು ತೀರ್ಮಾನಿಸಿದರು: ಮೂರು ವರ್ಷ ಬಿಟ್ಟು ಪರೀಕ್ಷಿಸುವುದು; ಪಾಠಶಾಲೆ ಭದ್ರವಾಗಿದ್ದರೆ ಉಳಿಸುವುದು, ಇಲ್ಲದಿದ್ದರೆ ಕೆಡವಿ ವಸತಿಶಾಲೆ ಕಟ್ಟುವುದು.

ಮೇಲ್ವಿಚಾರಕ ಅಂದೇ ಪಾಠಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಿದ. ಒಳಗಿನ ಕಂಬಗಳಿಗೆ ಬಟ್ಟೆ ಸುತ್ತಿಸಿದ, ಕಿಟಕಿ ಮುಚ್ಚಿಸಿದ, ಬಾಗಿಲಿಗೆ ಬೀಗ ಜಡಿದ. ದಡ್ಡರ ಕಂಬ ಮಾತ್ರ ಅವನ ಯೋಜನೆಗೆ ಬರಲಿಲ್ಲ. ಹೊಸ ಕಟ್ಟಡಕ್ಕೆ ಜಗಲಿಯಿರಲಿಲ್ಲ. ಹಾಗಾಗಿ ಪಾಠ ಬಾರದವರು ಎಂದಿನಂತೆ ಇಲ್ಲಿಗೇ ಬಂದು, ಎಣ್ಣೆ ಹಚ್ಚಿದ ತಲೆಯನ್ನು ಕಂಬಕ್ಕೆ ಒರಗಿಸಿ, ಕಡಲೆಕಾಯಿ ತಿನ್ನುತ್ತ ಮಗ್ಗಿ ಹೇಳುತ್ತಿದ್ದರು.

ಮೂರನೆಯ ವರ್ಷ, ಪರೀಕ್ಷೆಗೆ ಒಂದು ತಿಂಗಳಿರುವಾಗ, ಅವನು ಬಡಗಿಯನ್ನು ಕರೆಸಿ ಬೀಗ ತೆಗೆದ. ಬಡಗಿ ಬಟ್ಟೆ ಬಿಚ್ಚಿ ಕಂಬವನ್ನು ತಟ್ಟಿದ. ಮಣ್ಣು ಉದುರಿತು.

“ಕತ್ತಲೆ, ತೇವ, ಮೇಲೆ ಹೊದಿಕೆ ಬೇರೆ! ಗೆದ್ದಲಿಗೆ ಮಾವನ ಮನೆ ಮಾಡಿಕೊಟ್ಟಿದ್ದೀರಲ್ಲ, ಸ್ವಾಮಿ!”

ಮೇಲ್ವಿಚಾರಕ ಉಳಿದ ನಾಲ್ಕು ಕಂಬಗಳ ಬಟ್ಟೆಯನ್ನೂ ಬಿಚ್ಚಿಸಿ ತಟ್ಟಿಸಿದ. ಬಡಗಿ ಹೊರಗೆ ಬಂದು ಜಗಲಿಯ ಕಂಬವನ್ನು ತಟ್ಟಿದ. ಅದು ಟಣ್ ಎಂದಿತು.

“ಇದಕ್ಕೆ ಇಷ್ಟು ಚೆನ್ನಾಗಿ ಎಣ್ಣೆ ಹಚ್ಚಿದವರು ಯಾರು?”

“ಯಾರೂ ಹಚ್ಚಿಲ್ಲಪ್ಪ. ಅದು ದಡ್ಡರು ಒರಗುವ ಕಂಬ.”

ಬಡಗಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾಗಾದರೆ ಜಾಣರನ್ನೂ ಕರೆಸಿ, ಒಳಗೆ ಒರಗಲಿ. ಎರಡು ಕಂಬ ಹೋಗಿವೆ, ನಾನು ಬದಲಿಸುತ್ತೇನೆ. ಉಳಿದ ಮೂರನ್ನು ಅವರೇ ನೋಡಿಕೊಳ್ಳುತ್ತಾರೆ. ದಿನಾ ಗುಡಿಸಿ ಗಲಾಟೆ ಮಾಡುವ ಮನೆ ಗೆದ್ದಲಿಗೆ ಆಗದು.”

ಕಿಟಕಿಗಳು ತೆರೆದವು. ಕಂಬಗಳು ಬದಲಾದವು. ಪಾಠಗಳು ಹಿಂದಿರುಗಿದವು. ಪರೀಕ್ಷೆಗೆ ಬಂದ ಹಿರಿಯರಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ದಾಟಿ ದಾಟಿ ಹೋಗಿ, ಪ್ರತಿಯೊಂದು ಕಂಬವನ್ನೂ ತಟ್ಟಿ ನೋಡಿ, ಪಾಠಶಾಲೆ ಉಳಿಯಲಿ ಎಂದು ಬರೆದುಕೊಟ್ಟರು.

ಶಿಷ್ಯೆ ನಕ್ಕಳು. ಆದರೂ ಅನುಮಾನ ಬಿಡಲಿಲ್ಲ. “ಅಷ್ಟು ಮಂದಿ ಓಡಾಡಿದರೆ ಕಟ್ಟಡ ಸವೆಯುವುದಿಲ್ಲವೆ, ಅಮ್ಮಾ?”

“ಸವೆಯುತ್ತದೆ ಮಗಳೇ,” ಎಂದರು ಗುರುಮಾತೆ, “ಕಟ್ಟಿದ್ದೇ ಅದಕ್ಕೆ.”