ಬೀಡಿ ಮನೆಯ ತೊಟ್ಟಿಲು

ಶಿಷ್ಯ ಕೇಳಿದ: "ಗುರುಗಳೇ, ಬೀಡಿ ಕಟ್ಟುವ ಹೆಂಗಸರು ತಮಗೆ ಬೇರೆ ಜಾಗ ಬೇಕು, ಕೆಲಸಗಾರರೆಂಬ ಹಕ್ಕು ಬೇಕು ಎಂದು ಬೀದಿಗಿಳಿದಿದ್ದಾರೆ. ಮನೆಯಲ್ಲೇ ಕೂತು ಮಾಡುವ ಕೆಲಸ. ಬಿಸಿಲಿಲ್ಲ, ಮಳೆಯಿಲ್ಲ, ಮಗು ಮಗ್ಗುಲಲ್ಲೇ ಇರುತ್ತದೆ. ಇನ್ನೇನು ಸುಖ ಬೇಕಂತೆ ಅವರಿಗೆ?"

ಗುರುಗಳು ಅವನ ಮುಖವನ್ನೇ ನೋಡಿದರು. "ಭಲೇ, ಸುಖವನ್ನು ಚೆನ್ನಾಗಿ ತೂಗಿದ್ದೀಯ. ಕೂತುಕೋ," ಎಂದು ಹೇಳತೊಡಗಿದರು.

ಕಡಲ ಕಡೆಯ ಒಂದು ಊರಿನಲ್ಲಿ ವಾರಿಜ ಎಂಬ ಹೆಂಗಸಿದ್ದಳು. ಬೀಡಿ ಕಟ್ಟಿ ಬದುಕುವವಳು. ಧಣಿ ಎಲೆಯನ್ನೂ ಹೊಗೆಸೊಪ್ಪಿನ ಪುಡಿಯನ್ನೂ ಕೊಡುತ್ತಿದ್ದ, ಇವಳು ಮನೆಯಲ್ಲಿ ಕಟ್ಟಿ ಒಪ್ಪಿಸುತ್ತಿದ್ದಳು. ಇದ್ದದ್ದು ಒಂದೇ ಕೋಣೆ. ಅಡುಗೆ ಅಲ್ಲೇ, ನಿದ್ದೆ ಅಲ್ಲೇ, ಬೀಡಿಯೂ ಅಲ್ಲೇ. ಗಾಳಿ ಆಡಿದರೆ ಒದ್ದೆ ಎಲೆ ಒಣಗಿ ಒಡೆಯುತ್ತದೆ. ಒಡೆದ ಬೀಡಿಯನ್ನು ಧಣಿ ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ಕೆಲಸಕ್ಕೆ ಕೂರುವ ಮೊದಲು ಅವಳು ಕಿಟಕಿ ಮುಚ್ಚುತ್ತಿದ್ದಳು. ಮಗಳ ತೊಟ್ಟಿಲು ತೂಗುತ್ತಿದ್ದದ್ದೂ ಅದೇ ಕೋಣೆಯಲ್ಲಿ.

ಆ ಮಗು ಅಳುತ್ತಲೇ ಇರಲಿಲ್ಲ. ಹಾಲು ಕುಡಿದರೆ ಮುಗಿಯಿತು, ಸಂಜೆಯ ತನಕ ನಿದ್ದೆ. "ಬಂಗಾರದಂಥ ಮಗು ಮಾರಾಯ್ತಿ ನಿನ್ನದು," ಎಂದು ಬೀದಿಯವರು ಹೊಗಳಿದರೆ ವಾರಿಜಳಿಗೆ ಹೊಟ್ಟೆ ತುಂಬುತ್ತಿತ್ತು. ಬೀಡಿ ಮನೆಯ ಮಕ್ಕಳೇ ಹಾಗೆ, ತಾಯಿಯ ಕಷ್ಟ ಬಲ್ಲವು ಎಂದು ಅವರೆಲ್ಲ ನಂಬಿದ್ದರು.

ಒಮ್ಮೆ ಹೆಂಗಸರೆಲ್ಲ ಸೇರಿ ಧಣಿಯ ಅಂಗಳಕ್ಕೆ ಹೋದರು. ಕಣ್ಣು ಉರಿಯುತ್ತದೆ, ಕೆಮ್ಮು ಬಿಡುವುದಿಲ್ಲ, ಕಟ್ಟಲು ಬೇರೆ ಒಂದು ಚಾವಡಿ ಕೊಡಿ, ನಮ್ಮನ್ನೂ ನಿಮ್ಮ ಕೆಲಸಗಾರರೆಂದು ಒಪ್ಪಿಕೊಳ್ಳಿ ಎಂದರು. ಧಣಿ ನಕ್ಕ. "ಮನೆಯಲ್ಲಿ ಕೂತು ಮಾಡುವುದೂ ಒಂದು ಕೆಲಸವೇ? ನೆರಳಿನಲ್ಲಿದ್ದೀರಿ, ಮಗು ಮಗ್ಗುಲಲ್ಲೇ ಇದೆ. ಇನ್ನೇನು ಸುಖ ಬೇಕು?" ಈ ಮಾತು ಎಲ್ಲೋ ಕೇಳಿದ ಹಾಗಿದೆ, ಅಲ್ಲವೇನಪ್ಪಾ? ಇರಲಿ. ವಾರಿಜ ಎಲೆಯ ಕಟ್ಟು ಎತ್ತಿಕೊಂಡು ಮನೆಗೆ ಬಂದಳು.

ಆಗ ಧಣಿಯ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಗಂಡುಕೂಸು ಒಂದೇ ಸಮನೆ ಅಳುತ್ತಿತ್ತು. ಮನೆಯವರೆಲ್ಲ ಸೋತು ಸುಣ್ಣವಾಗಿದ್ದರು. ವಾರಿಜಳ ಮಗು ಅಳುವುದೇ ಇಲ್ಲವಂತೆ ಎಂದು ಕೇಳಿದ್ದ ಧಣಿಯ ಹೆಂಡತಿ, ಗಂಡನಿಗೂ ಹೇಳದೆ, ಒಂದು ಬೆಳಿಗ್ಗೆ ಕೂಸನ್ನು ಅವಳ ಮನೆಗೆ ಕಳಿಸಿದಳು. ವಾರಿಜಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತನ್ನ ಮಗಳ ಪಕ್ಕದಲ್ಲೇ ಅದನ್ನು ಮಲಗಿಸಿದಳು, ಕಿಟಕಿ ಮುಚ್ಚಿದಳು, ಕೆಲಸಕ್ಕೆ ಕೂತಳು. ಸ್ವಲ್ಪ ಹೊತ್ತು ಅತ್ತ ಕೂಸು ಆಮೇಲೆ ತೆಪ್ಪಗಾಯಿತು.

ಮಧ್ಯಾಹ್ನ ವಿಷಯ ತಿಳಿದ ಧಣಿ ಮೊಮ್ಮಗನನ್ನು ಕರೆದೊಯ್ಯಲು ತಾನೇ ಬಂದ. ಅಷ್ಟು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಒಳಗೆ ಕಾಲಿಟ್ಟದ್ದೇ ತಡ, ಉಸಿರು ಕಟ್ಟಿತು, ಕಣ್ಣಲ್ಲಿ ನೀರು ಬಂತು.

"ಅಯ್ಯೋ ಪಾಪಿ, ಈ ಘಾಟಿನಲ್ಲಿ ಮಗುವನ್ನು ಮಲಗಿಸಿದ್ದೀಯಾ? ಕಿಟಕಿ ತೆಗೆಯಬಾರದಿತ್ತೇ?"

"ಎಲೆ ಒಡೆಯುತ್ತದಲ್ಲ ಧಣಿ," ಎಂದಳು ವಾರಿಜ. ತಾನು ಮಾಡಿದ ತಪ್ಪೇನೆಂದೇ ಅವಳಿಗೆ ತಿಳಿಯಲಿಲ್ಲ. "ನೋಡಿ, ಎಷ್ಟು ಚೆನ್ನಾಗಿ ನಿದ್ದೆ ಹತ್ತಿದೆ."

ಧಣಿ ಮೊಮ್ಮಗನನ್ನು ಎತ್ತಿದ. ಕೂಸಿನ ತಲೆ ಅವನ ತೋಳಿನ ಮೇಲೆ ವಾಲಿತು. ಕರೆದ, ಕೆನ್ನೆ ತಟ್ಟಿದ, ಏಳಲಿಲ್ಲ. "ಇದು ನಿದ್ದೆಯಲ್ಲ, ಹೊಗೆಸೊಪ್ಪಿನ ಅಮಲು," ಎಂದವನೇ ಕೂಸನ್ನು ಎದೆಗವಚಿಕೊಂಡು ವೈದ್ಯರ ಮನೆಗೆ ಓಡಿದ.

ವಾರಿಜಳ ಮಡಿಲಿನ ಮೊರದಿಂದ ಎಲೆಗಳು ಜಾರಿ ನೆಲಕ್ಕೆ ಬಿದ್ದವು. ಇಷ್ಟು ದಿನ ತಾನು ಹೆಮ್ಮೆಪಟ್ಟ ನಿದ್ದೆ ಎಂಥದೆಂದು ಅವಳಿಗೆ ಈಗ ತಿಳಿಯಿತು. ತೊಟ್ಟಿಲು ಕೈಯಳತೆಯಲ್ಲೇ ಇತ್ತು. ಬಗ್ಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ವೈದ್ಯರು ಏನೆಂದರು ಗುರುಗಳೇ? ಮಗು ಉಳಿಯಿತೇ?"

"ಯಾವ ಮಗು? ವೈದ್ಯರಲ್ಲಿಗೆ ಹೋದದ್ದೋ, ತೊಟ್ಟಿಲಲ್ಲೇ ಇದ್ದದ್ದೋ?"