ಹೊಸ ಗರುಡನ ಡಿಗ್ರಿ

ಕೆರೆಯ ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಇನ್ನೊಂದು. ಎರಡೂ ಊರಿಗೆ ಡಿಸ್ಕ್ ಗಾಲ್ಫ್ ಹುಚ್ಚು. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ದೂರದಿಂದ ಎಸೆಯುತ್ತಾ ಹೋಗಿ, ಸರಪಳಿ ಕಟ್ಟಿದ ಬುಟ್ಟಿಗೆ ಬೀಳಿಸಬೇಕು. ಹೀಗೆ ಒಂಬತ್ತು ಬುಟ್ಟಿ. ಯಾರು ಕಡಿಮೆ ಎಸೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಪ್ರತಿ ವಿಜಯದಶಮಿಗೆ ಊರಿಗೊಬ್ಬರಂತೆ ಆಡುವ ಪಂದ್ಯ, ಗೆದ್ದ ಊರಿಗೆ ಒಂದು ಹಿತ್ತಾಳೆ ಬಿಂದಿಗೆ. ಆ ಬಿಂದಿಗೆ ಏಳು ವರ್ಷದಿಂದ ಆಚೆ ದಡ ಬಿಟ್ಟು ಅಲ್ಲಾಡಿರಲಿಲ್ಲ.

ಈಚೆ ದಡದ ಚಂದ್ರಕಲಾ ಹಾಲಿನ ಡೈರಿಯಲ್ಲಿ ಕೆಲಸ ಮಾಡುವವಳು. ತೋಳಿನಲ್ಲಿ ಬಲವಿತ್ತು, ಕಣ್ಣಿನಲ್ಲಿ ಗುರಿಯಿತ್ತು, ನಾಲಿಗೆಯಲ್ಲಿ ಸ್ವಲ್ಪ ಜಂಬವೂ ಇತ್ತು. ಅವಳಿಗೆ ಆಟ ಕಲಿಸಿದವರು ಪುಟ್ಟಸಿದ್ದಯ್ಯ ಮೇಷ್ಟ್ರು. ಅವರಿಗೆ ವಿಪರೀತ ಮಂಡಿನೋವು, "ಆಟ ಕಲಿಸೋದಕ್ಕೆ ಇದೇ ನನ್ನ ಕೊನೇ ವರ್ಷ" ಅಂದುಬಿಟ್ಟಿದ್ದರು. ಒಂದು ಸಲವಾದರೂ ಆ ಬಿಂದಿಗೆಯನ್ನು ತಂದು ಮೇಷ್ಟ್ರ ಕೈಗೆ ಕೊಡಬೇಕು ಅನ್ನುವುದು ಚಂದ್ರಕಲಾಳ ಆಸೆ.

ಪಂದ್ಯಕ್ಕೆ ಮೂರು ದಿನ ಇರುವಾಗ ಅವಳ ಹಳೇ ಡಿಸ್ಕ್ ಕೆರೆಯ ಪಾಲಾಯಿತು. 'ಗರುಡ' ಅಂತ ಅದರ ಹೆಸರು, ದೂರ ಎಸೆಯಲೆಂದೇ ಮಾಡಿದ್ದು. ಹೋದರೆ ಹೋಗಲಿ ಅಂತ ಪೇಟೆಗೆ ಹೋಗಿ ಹೊಸ ಗರುಡ ತಂದಳು. ಅದೇ ಕಂಪನಿ, ಅದೇ ತೂಕ, ಮೇಲೆ ಅದೇ ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರ.

"ಆಯುಧಪೂಜೆಗಿಡೋ ಮುಂಚೆ ಹತ್ತು ಸಲ ಎಸೆದು ನೋಡಮ್ಮ" ಅಂದರು ಮೇಷ್ಟ್ರು.

"ಗರುಡ ಗರುಡಾನೇ ಅಲ್ವಾ ಸಾರ್? ಒಂದೇ ಅಚ್ಚಲ್ಲಿ ಬಂದಿದ್ದು. ಒಂದೇ ತಾಯಿ ಮಕ್ಕಳಿದ್ದ ಹಾಗೆ."

"ನೀನೂ ನಿನ್ನ ತಮ್ಮನೂ ಒಂದೇ ತಾಯಿ ಮಕ್ಕಳೇ. ನೀನು ಐದಕ್ಕೇ ಏಳ್ತೀಯ, ಅವನು ಹತ್ತಾದ್ರೂ ಏಳಲ್ಲ. ಅಚ್ಚು ಒಂದೇ ಕಣಮ್ಮ. ಆದ್ರೆ ಪ್ಲಾಸ್ಟಿಕ್ ಒಂದು ಸಲ ಬೇಗ ಆರುತ್ತೆ, ಇನ್ನೊಂದು ಸಲ ನಿಧಾನ. ಅಂಚು ಕೂದಲೆಳೆಯಷ್ಟು ಏರುಪೇರಾದ್ರೂ ಹಾರೋ ದಾರಿ ಬೇರೆ."

ಕೇಳಿದರೆ ತಾನೇ! ಎರಡು ದಿನ ಊರೆಲ್ಲಾ ತಿರುಗಿ ಹೊಸ ಡಿಸ್ಕ್ ತೋರಿಸಿದ್ದೇ ಬಂತು. ಆಮೇಲೆ ಆಯುಧಪೂಜೆ. ಅವತ್ತು ಅರಿಶಿನ ಕುಂಕುಮ ಹಚ್ಚಿ ಪೂಜೆಗಿಟ್ಟ ಡಿಸ್ಕನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಹಾಗಾಗಿ ಹೊಸ ಗರುಡ ಮೊದಲ ಸಲ ಹಾರಿದ್ದು ಪಂದ್ಯದಲ್ಲೇ.

ಹಾರಿದ್ದು ಹೇಗೆ ಅಂತೀರಿ? ನೆಟ್ಟಗೆ ಹೊರಟಿತು, ಅರ್ಧ ದಾರಿಯಲ್ಲೇ ಎಡಕ್ಕೆ ಹೊರಳಿ ಲಂಟಾನ ಪೊದೆಯೊಳಗೆ ನುಗ್ಗಿತು. ಎರಡನೇ ಬುಟ್ಟಿಯಲ್ಲೂ ಅದೇ ಪಾಡು. ಆಚೆ ದಡದ ಶಿವಸ್ವಾಮಿ ಎರಡು ಎಸೆತ ಮುಂದೆ ಹೋದ. ಅವನ ಕಡೆಯವರು ಶಿಳ್ಳೆ ಹೊಡೆದರು.

ಚಂದ್ರಕಲಾಗೆ ಅಳುವೇ ಬಂತು. "ದರಿದ್ರದ್ದು! ಕಂಪನಿಯವರು ಮೋಸ ಮಾಡಿದ್ರು ಸಾರ್" ಅಂತ ಡಿಸ್ಕನ್ನು ನೆಲಕ್ಕೆ ಬಡಿಯಹೋದಳು.

ಮೇಷ್ಟ್ರು ಅವಳ ಕೈ ಹಿಡಿದರು. "ಡೈರೀಲಿ ದಿನಾ ಅದೇ ಹಸು, ಅದೇ ಕ್ಯಾನು. ಲ್ಯಾಕ್ಟೋಮೀಟರ್ ಹಾಕಿ ಡಿಗ್ರಿ ನೋಡದೆ ಹಾಲು ತಗೊಳ್ತೀಯಾ?"

"ಇಲ್ಲ ಸಾರ್."

"ಯಾಕೆ?"

"ನಿನ್ನೆ ಹಾಲು ನಿನ್ನೇದು, ಇವತ್ತಿಂದು ಇವತ್ತಿಂದು."

"ಮತ್ತೆ! ಇದು ಎಡಕ್ಕೆ ಜಗ್ಗೋದು ಮೋಸ ಅಲ್ಲ, ಇದರ ಗುಣ. ಪೂಜೆಗೆ ಮುಂಚೆ ನೋಡಬೇಕಿತ್ತು, ನೋಡ್ಲಿಲ್ಲ. ಈಗಲಾದ್ರೂ ನೋಡು."

ಚಂದ್ರಕಲಾಳ ಮುಖ ಕೆಂಪಾಯಿತು. ಊರವರ ಹಾಲಿಗೆಲ್ಲಾ ಡಿಗ್ರಿ ನೋಡುವವಳು ತನ್ನ ಕೈಯ ಡಿಸ್ಕಿಗೆ ನೋಡಿರಲಿಲ್ಲವಲ್ಲ! ಕಣ್ಣೊರೆಸಿಕೊಂಡಳು. ಮುಂದಿನ ಪ್ರತಿ ಎಸೆತವನ್ನೂ ರೆಪ್ಪೆ ಮಿಟುಕಿಸದೆ ನೋಡಿದಳು. ಗರುಡ ಪ್ರತಿ ಸಲವೂ ಎಡಕ್ಕೆ ಹತ್ತು ಹೆಜ್ಜೆ ಜಗ್ಗುತ್ತಿತ್ತು. ಸರಿ, ಅವಳು ಬಲಕ್ಕೆ ಹತ್ತು ಹೆಜ್ಜೆ ಬಿಟ್ಟು ಗುರಿಯಿಟ್ಟಳು. ಎಂಟನೇ ಬುಟ್ಟಿ ಮುಗಿಯುವಾಗ ಒಂದೇ ಎಸೆತ ಹಿಂದಿದ್ದಳು.

ಕೊನೆಯ ಬುಟ್ಟಿ ಕೆರೆ ಏರಿಯ ಮೇಲೆ. ಬಲಗಡೆ ನೀರು. ನೀರಿಗೆ ಬಿದ್ದರೆ ಒಂದು ಎಸೆತ ದಂಡ. ಅಷ್ಟರಲ್ಲಿ ಎದುರುಗಾಳಿ ಎದ್ದಿತು. ಎದುರುಗಾಳಿಗೆ ಸಿಕ್ಕಿದ ಡಿಸ್ಕ್ ಸಾಮಾನ್ಯವಾಗಿ ಬಲಕ್ಕೆ ಮಗುಚುತ್ತದೆ. ಮೊದಲು ಶಿವಸ್ವಾಮಿ ಎಸೆದ. ಇಡೀ ದಿನ ನೆಟ್ಟಗೆ ಹಾರಿದ್ದ ಅವನ ಡಿಸ್ಕನ್ನು ಗಾಳಿ ಬಲಕ್ಕೆ ಮಗುಚಿತು. ಅದು ಕೆರೆಗೆ ಬಿತ್ತು.

ಚಂದ್ರಕಲಾ ನಿಂತು ಯೋಚಿಸಿದಳು. ಇಷ್ಟು ಹೊತ್ತು ಮಾಡಿದಂತೆ ಬಲಕ್ಕೆ ಗುರಿಯಿಡಬೇಕಾ? ಬೇಡ. ಗಾಳಿ ಬಲಕ್ಕೆ ತಳ್ಳುತ್ತೆ, ಇದು ಎಡಕ್ಕೆ ಜಗ್ಗುತ್ತೆ. ಇಬ್ಬರ ಜಗ್ಗಾಟದಲ್ಲಿ ದಾರಿ ನೆಟ್ಟಗಾಗುತ್ತೆ. ಅವಳು ಬುಟ್ಟಿಗೇ ಗುರಿಯಿಟ್ಟು ಬೀಸಿದಳು.

ಗರುಡ ಗಾಳಿಗೆ ಎದೆಗೊಟ್ಟು ಹೋಯಿತು. ಆ ಕಡೆ ವಾಲಲಿಲ್ಲ, ಈ ಕಡೆ ವಾಲಲಿಲ್ಲ. ಬುಟ್ಟಿಯಿಂದ ಮೂರು ಹೆಜ್ಜೆ ದೂರದಲ್ಲಿ ಇಳಿಯಿತು. ಎರಡನೇ ಎಸೆತಕ್ಕೆ ಸರಪಳಿ ಝಲ್ಲೆಂದಿತು. ದಂಡ ಸೇರಿ ಶಿವಸ್ವಾಮಿಗೆ ಅದೇ ಬುಟ್ಟಿಗೆ ನಾಲ್ಕು ಎಸೆತ ಆಯಿತು. ಒಂದೇ ಒಂದು ಎಸೆತದ ಅಂತರದಲ್ಲಿ ಚಂದ್ರಕಲಾ ಗೆದ್ದಳು!

ಹಿತ್ತಾಳೆ ಬಿಂದಿಗೆಯನ್ನು ಮೇಷ್ಟ್ರ ಕೈಗಿಟ್ಟಳು. ಮಂಡಿನೋವಿನ ಮನುಷ್ಯ ಅದನ್ನು ಹೆಗಲ ಮೇಲೆ ಹೊತ್ತು, ಯಾರ ಕೈಗೂ ಕೊಡದೆ, ಏರಿಯ ಉದ್ದಕ್ಕೂ ನಡೆದರು. ದಾರಿಯಲ್ಲಿ ಸಿಕ್ಕಿದವರಿಗೆಲ್ಲಾ ಒಂದೇ ಮಾತು: "ನಮ್ಮ ಹುಡುಗಿ! ಗೆದ್ದಿದ್ದು ದೊಡ್ಡದಲ್ಲ ಕಣ್ರಪ್ಪಾ, ಆಡ್ತಾ ಆಡ್ತಾ ಕಲಿತಳಲ್ಲ, ಅದು ನೋಡಿ!" ಹಿಂದೆ ನಡೆಯುತ್ತಿದ್ದ ಚಂದ್ರಕಲಾಳ ಎದೆ ಹೆಮ್ಮೆಯಿಂದ ಉಬ್ಬಿತು.

ಮರುದಿನ ಅವಳು ಹೊಸ ಗರುಡನ ಹೊಟ್ಟೆಯ ಮೇಲೆ ಬರೆದಳು: 'ಎಡಕ್ಕೆ ಹತ್ತು ಹೆಜ್ಜೆ. ಎದುರುಗಾಳಿಗೆ ಗಟ್ಟಿ.' ಅಂದಿನಿಂದ ಈಚೆ ದಡದಲ್ಲಿ, ಹತ್ತು ಸಲ ಎಸೆದು ಗುಣ ಬರೆಯದ ಡಿಸ್ಕಿಗೆ ಕುಂಕುಮವಿಲ್ಲ.

ನೀತಿ: ಹೆಸರೂ ಅಚ್ಚೂ ಒಂದೇ ಇದ್ದ ಮಾತ್ರಕ್ಕೆ ಗುಣ ಒಂದೇ ಆಗುವುದಿಲ್ಲ. ಹೆಸರು ನಂಬಿ ಕೂರಬೇಡಿ, ಗುಣ ಅರಿತು ನಡೆಸಿ. ಅರಿತವನ ಕೈಯಲ್ಲಿ ಎಡವಟ್ಟು ಗುಣವೂ ಆಸರೆಯಾಗುತ್ತದೆ.