ಬಿಸಿ ಹೋದ ದಾರಿ

“ಗುರುಗಳೇ, ನನ್ನ ಸಿಟ್ಟು ಸತ್ತಿದೆ ಎನ್ನಬಹುದೇ?” ಎಂದು ಶಿಷ್ಯ ನಂಜುಂಡ ಕೇಳಿದ.

ಹಿಂದಿನ ದಿನ ಸಭೆಯಲ್ಲಿ ಒಬ್ಬ ಪಂಡಿತ ಅವನನ್ನು ಎಲ್ಲರೆದುರು ಹೀಯಾಳಿಸಿದ್ದ. ನಂಜುಂಡ ತುಟಿ ಪಿಟಕ್ಕೆನ್ನದೆ ನಗುತ್ತಾ ಕುಳಿತಿದ್ದ. ಮಠವೆಲ್ಲ ಅವನನ್ನು ಕೊಂಡಾಡಿತ್ತು. ಆಮೇಲೆ ಊಟಕ್ಕೆ ಕುಳಿತಾಗ, ಸಾರಿಗೆ ಉಪ್ಪು ಸಾಲದೆಂದು ಅಡುಗೆಯ ದ್ಯಾವಪ್ಪನಿಗೆ ನಾಲ್ಕು ಮಾತು ಅಂದಿದ್ದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಸತ್ತಿದ್ದರೆ ಒಳ್ಳೆಯದೇ. ತಿಥಿ ಊಟ ಯಾವಾಗ ಹಾಕಿಸುತ್ತೀಯೆ?” ಎಂದು ಗುರುಗಳು ನಕ್ಕು, ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಜನರ ಚಿತ್ರ, ಪತ್ರಗಳನ್ನೆಲ್ಲ ಕಾಪಾಡುವ ಕಂಪ್ಯೂಟರುಗಳನ್ನು ಒಂದು ಕಟ್ಟಡದ ತುಂಬ ಒತ್ತೊತ್ತಾಗಿ ಇಟ್ಟಿದ್ದ. ಅವು ಹಗಲಿರುಳು ದುಡಿದು ಕಾದು ಕೆಂಡವಾಗುತ್ತಿದ್ದವು. ಫ್ಯಾನಿನ ಗಾಳಿ ಸಾಲದಾಯಿತು. ಕೊನೆಗೆ ವಿದ್ಯುತ್ತು ಹರಿಯದಂಥ ಒಂದು ದ್ರವ ತರಿಸಿ, ತೊಟ್ಟಿಗಳಿಗೆ ತುಂಬಿ, ಯಂತ್ರಗಳನ್ನು ಅದರಲ್ಲೇ ಮುಳುಗಿಸಿದ. ದ್ರವ ಅವುಗಳ ಬಿಸಿಯನ್ನು ಹೀರಿ, ಕೊಳವೆಗಳಲ್ಲಿ ಹಿಂದಿನ ಗೋಡೆಗೆ ಒಯ್ದು, ಅಲ್ಲಿ ಹೊರಗೆ ಬಿಟ್ಟು, ತಣ್ಣಗಾಗಿ ಮರಳುತ್ತಿತ್ತು. ಒಳಗೆ ಸೆಕೆಯಿಲ್ಲ, ಸದ್ದಿಲ್ಲ. ನೋಡಲು ಬಂದವರು ಗರ್ಭಗುಡಿಯ ಹಾಗಿದೆ ಎಂದರು. ವ್ಯಾಪಾರಿ ಹಿಗ್ಗಿದ. ಹಿಂದಿನ ಗೋಡೆಯ ಕಡೆಗೆ ಅವನು ಎಂದೂ ಹೋದವನಲ್ಲ.

ಆ ಗೋಡೆಗೆ ಒತ್ತಿಕೊಂಡು ಒಬ್ಬ ಹೆಂಗಸಿನ ರೇಷ್ಮೆ ಹುಳುವಿನ ಮನೆ ಇತ್ತು. ಅವಳ ಬದುಕೆಲ್ಲ ಆ ಹುಳುಗಳೇ. ಅವಕ್ಕೆ ಸೆಕೆ ಆಗದು. ಒಂದು ದಿನ ಅವಳು ವ್ಯಾಪಾರಿಯ ಬಾಗಿಲಿಗೆ ಬಂದಳು.

“ಸ್ವಾಮಿ, ನಿಮ್ಮ ಗೋಡೆಯಿಂದ ಬಿಸಿಗಾಳಿ ಹೊಡೀತದೆ. ಹುಳ ಸೊಪ್ಪು ಮುಟ್ತಾ ಇಲ್ಲ.”

ವ್ಯಾಪಾರಿ ಕೆಟ್ಟವನಲ್ಲ. ಅವಳನ್ನು ಒಳಗೆ ಕರೆದು, ತೊಟ್ಟಿಯ ಹತ್ತಿರ ನಿಲ್ಲಿಸಿದ. “ನೀನೇ ಮುಟ್ಟಿ ನೋಡಮ್ಮ. ಇಲ್ಲಿ ಬಿಸಿ ಎಲ್ಲಿದೆ?”

ಅವಳು ಮುಚ್ಚಳದ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಬಂದ ದಾರಿಯಲ್ಲೇ ಮನೆಗೆ ಹೋದಳು. ವಾರ ಕಳೆಯುವುದರೊಳಗೆ ತಟ್ಟೆ ತಟ್ಟೆ ಸತ್ತ ಹುಳುಗಳನ್ನು ತಿಪ್ಪೆಗೆ ಸುರಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಅವನು ಒಂದು ಸಲ ಗೋಡೆಯ ಹಿಂದಕ್ಕೆ ಹೋಗಿ ನೋಡಬಾರದಿತ್ತೇ, ಗುರುಗಳೇ?” ಎಂದ ನಂಜುಂಡ.

ಗುರುಗಳು ಹೇಳಿದರು: “ದ್ಯಾವಪ್ಪ ನಿನ್ನೆಯಿಂದ ಅನ್ನ ಮುಟ್ಟಿಲ್ಲ, ಅಡುಗೆಮನೆಗೆ ಹೋಗಿ ನೋಡಿ ಬಾ.”